ನಾನು ಹೇಳಿದ ತಪ್ಪು ಉತ್ತರ

ಮಕ್ಕಳೇ, ಈ ಪ್ರಯೋಗವನ್ನು ನೀವೂ ನೋಡಿರುತ್ತೀರಿ. ಕಬ್ಬಿಣದ ಸರಳಿಗೆ ಮೇಣದಿಂದ ಗುಂಡುಸೂಜಿಗಳನ್ನು ಸಾಲಾಗಿ ಅಂಟಿಸಿ, ಒಂದು ತುದಿಯನ್ನು ಕಾಯಿಸಿದರೆ ಸೂಜಿಗಳು ಒಂದೊಂದಾಗಿ ಉದುರುತ್ತವೆ. ಹಿಂದೊಮ್ಮೆ ಒಂದು ಶಾಲೆಯಲ್ಲಿ ನಾನು ಇದನ್ನು ಮಾಡಿ ತೋರಿಸುತ್ತಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಸರಳನ್ನು ಕೂದಲಿಗಿಂತ ತೆಳ್ಳಗೆ ಮಾಡಿದರೆ ಅದರ ಉಷ್ಣವಾಹಕತೆ ಬದಲಾಗುತ್ತದಾ?" ಎಂದು ಕೇಳಿದಳು.

"ಇಲ್ಲಮ್ಮ. ತೆಳು ತಂತಿಯಲ್ಲಿ ಸಾಗುವ ಒಟ್ಟು ಉಷ್ಣ ಕಡಿಮೆ, ನಿಜ. ಆದರೆ ಉಷ್ಣವಾಹಕತೆ ವಸ್ತುವಿನ ಗುಣ. ಎಷ್ಟೇ ತೆಳ್ಳಗಾದರೂ ಅದು ಬದಲಾಗದು" ಎಂದೆ. ಅವಳು ಸುಮ್ಮನೆ ಕುಳಿತಳು.

ನನ್ನ ಉತ್ತರ ತಪ್ಪೆಂದು ತಿಳಿದದ್ದು ಸಿಲಿಕಾನ್ ತಂತಿಗಳ ಬಗ್ಗೆ ಓದಿದಾಗ. ಸಿಲಿಕಾನ್ ಒಂದು ಅರೆವಾಹಕ. ಮೊಬೈಲ್, ಕಂಪ್ಯೂಟರ್‌ಗಳ ಚಿಪ್‌ಗಳನ್ನು ಅದರಿಂದ ಮಾಡುತ್ತಾರೆ. ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಸುಮಾರು 50 ನ್ಯಾನೋಮೀಟರ್ ದಪ್ಪದ, ಮೈ ಒರಟಾದ ಸಿಲಿಕಾನ್ ತಂತಿಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ತಲೆಗೂದಲು ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ದಪ್ಪ! ಆ ತಂತಿಗಳ ಉಷ್ಣವಾಹಕತೆ ದೊಡ್ಡ ಸಿಲಿಕಾನ್ ತುಂಡಿನ ಉಷ್ಣವಾಹಕತೆಯ ಸುಮಾರು ನೂರನೇ ಒಂದು ಭಾಗ ಮಾತ್ರ ಇತ್ತು.

ಹೀಗೇಕೆ? ಸಿಲಿಕಾನ್‌ನಲ್ಲಿ ಉಷ್ಣವು ಮುಖ್ಯವಾಗಿ ಪರಮಾಣುಗಳ ಕಂಪನದ ಅಲೆಗಳಾಗಿ ಸಾಗುತ್ತದೆ. ಅಲೆಗಳನ್ನು ಓಡುವ ಮಕ್ಕಳೆಂದುಕೊಳ್ಳಿ. ಆಟದ ಬಯಲಿನಲ್ಲಿ ತಡೆಯಿಲ್ಲದೆ ಬಹುದೂರ ಓಡಬಹುದು. ಇಕ್ಕಟ್ಟಾದ ಓಣಿಯಲ್ಲಿ ಹೆಜ್ಜೆಹೆಜ್ಜೆಗೂ ಗೋಡೆಗೆ ತಾಕಬೇಕು. ನ್ಯಾನೋ ತಂತಿ ಅಂಥ ಓಣಿ. ಅದರ ಮೈಯೇ ಗೋಡೆ.

ತುಂಬ ಕಾಯಿಸಿದರೆ? ಆಗ ಅಲೆಗಳು ಹೆಚ್ಚುತ್ತವೆ. ಬಯಲಿನಲ್ಲೂ ಜಾತ್ರೆಯಂತೆ ನೂಕುನುಗ್ಗಲು! ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಸುಮಾರು 725 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೊಡ್ಡ ಸಿಲಿಕಾನ್ ತುಂಡಿನ ಉಷ್ಣವಾಹಕತೆ ಕೋಣೆಯ ಉಷ್ಣತೆಯಲ್ಲಿದ್ದುದರ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ತೆಳು ತಂತಿಯಲ್ಲಿ ಗೋಡೆಯ ತಡೆ ಮೊದಲೇ ಇರುವುದರಿಂದ ಇಳಿಕೆ ಅಷ್ಟಿಲ್ಲ. ಬಿಸಿ ಏರಿದಂತೆ ಇವೆರಡರ ನಡುವಿನ ಅಂತರ ಕಿರಿದಾಗುತ್ತದೆ.

ಇದರಿಂದ ಉಪಯೋಗವೂ ಇದೆ. ಅರೆವಾಹಕದ ಒಂದು ತುದಿ ಬಿಸಿಯಾಗಿ, ಇನ್ನೊಂದು ತಂಪಾಗಿದ್ದರೆ ವಿದ್ಯುತ್ ಪಡೆಯಬಹುದು. ಉಷ್ಣ ಬೇಗ ಹರಿದುಹೋಗದಿದ್ದರೆ ಆ ವ್ಯತ್ಯಾಸ ಉಳಿಯುತ್ತದೆ. ಎಂಜಿನ್‌ಗಳಿಂದ ವ್ಯರ್ಥವಾಗುವ ಬಿಸಿಯನ್ನು ಹೀಗೆ ಬಳಸಲು ಸಂಶೋಧನೆ ನಡೆದಿದೆ.

ಮತ್ತೆ ಆ ಶಾಲೆಗೆ ಹೋದಾಗ ಹುಡುಗಿ ಪಕ್ಕದೂರಿನ ಹೈಸ್ಕೂಲು ಸೇರಿದ್ದಳು. ಅಲ್ಲಿಗೇ ಹೋಗಿ, "ಅಂದು ನಾನು ಹೇಳಿದ್ದು ತಪ್ಪಮ್ಮ" ಎಂದೆ. "ಹಾಗಾದರೆ ನಾನು ಕೇಳಿದ್ದು ದಡ್ಡ ಪ್ರಶ್ನೆಯಲ್ಲ ಅಲ್ವಾ ಸಾರ್?" ಎಂದಳು.

ಖಂಡಿತ ಅಲ್ಲ. ಮಕ್ಕಳೇ, ನಿಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ ಇನ್ನೊಮ್ಮೆ ಕೇಳಿ. ನಮಗೂ ಕಲಿಯುವುದು ಬಾಕಿಯಿದೆ.