ಕರೆಂಟ್ ಕೊಡಿಸೋವಾಗ ಊಟ ಬಿಡಿಸಬೇಡಿ

ಬೇಸಿಗೆ ಭತ್ತದ ಬಗ್ಗೆ ಬರೀತೀನಿ ಅಂದಿದ್ದೆ, ಆಗಲಿಲ್ಲ. ತಮ್ಮನಿಗೆ ಬಾಯಿ ಕ್ಯಾನ್ಸರ್. ಏಳು ವಾರ ಅವನ ಜೊತೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಾಡಿದೆ. ಈ ಕಾಯಿಲೆ ಕಂಡ ಮನೆ ನಮ್ಮದೊಂದೇ ಅಲ್ಲ, ಅದಕ್ಕೇ ಬರೀತಿದ್ದೀನಿ. ಊಟದ ವಿಷಯ ಮಾತ್ರ. ಔಷಧಿ ವಿಷಯ ಡಾಕ್ಟರೇ ಹೇಳಬೇಕು.

ನಾವು ಕರೆಂಟ್ ಅಂತೀವಲ್ಲ, ಅದು ರೇಡಿಯೇಷನ್. ವಾರಕ್ಕೆ ಐದು ದಿನದಂತೆ ಅವನಿಗೆ 33 ಸಲ, ಜೊತೆಗೆ ವಾರಕ್ಕೊಂದು ಕೀಮೋ. ಮೊದಲೇ ಮುಖದ ಅಳತೆಗೆ ಜಾಲರಿಯಂಥ ಪ್ಲಾಸ್ಟಿಕ್ ಮುಖವಾಡ ಮಾಡ್ತಾರೆ. ದಿನಾ ಅದನ್ನ ಬಿಗಿದು, ತಲೆ ಅಲುಗದ ಹಾಗೆ ಮಲಗಿಸಿ, ಗುರುತಿನ ಜಾಗಕ್ಕೇ ಕಿರಣ ಬಿಡ್ತಾರೆ. ಮೈ ಇಳಿದರೆ ಮುಖವಾಡ ಸಡಿಲ. ತೀರಾ ಸಡಿಲ ಆದ್ರೆ ಮತ್ತೆ ಸ್ಕ್ಯಾನ್, ಮತ್ತೆ ಅಳತೆ. ನಡುವೆ ದಿನ ತಪ್ಪಿದಷ್ಟೂ ಗಡ್ಡೆಗೇ ಲಾಭ.

ಇಷ್ಟಿದ್ರೂ ನೋಡೋಕೆ ಬಂದ ನೆಂಟರದ್ದು ಒಂದೇ ಮಾತು: ಪಥ್ಯ ಮಾಡಿಸಿ. ಹಾಲು ಬೇಡ, ಮೊಟ್ಟೆ ನಂಜು, ಬೆಲ್ಲ ಸಕ್ಕರೆ ಗಡ್ಡೆ ಬೆಳೆಸುತ್ತೆ, ಬರೀ ಗಂಜಿ ತಿಳಿ ಕೊಡಿ. ಪ್ರೀತಿಯಿಂದಲೇ ಹೇಳ್ತಾರೆ, ಸುಳ್ಳಲ್ಲ. ಆದ್ರೆ ಸಕ್ಕರೆ ಬಿಡಿಸಿದ ಮಾತ್ರಕ್ಕೆ ಗಡ್ಡೆ ಸಾಯಲ್ಲ, ಸೊರಗೋದು ಮನುಷ್ಯ. ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ, ಅವರು ಕೇಳಿಯೇ ತಿನ್ನಬೇಕು.

ಲೆಕ್ಕ ಹೀಗಿದೆ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. ತಮ್ಮ ಆಗ 56 ಕೆ.ಜಿ. ಅಂದ್ರೆ ಕಮ್ಮಿ ಅಂದ್ರೂ 67 ಗ್ರಾಂ ಪ್ರೋಟೀನ್. ಒಂದು ಮೊಟ್ಟೇಲಿ 6 ಗ್ರಾಂ, ಒಂದು ಲೋಟ ಹಾಲಲ್ಲೂ ಹೆಚ್ಚುಕಮ್ಮಿ ಅಷ್ಟೇ. ಗಂಜಿ ತಿಳೀಲಿ ಎಲ್ಲಿಂದ ಬರ್ಬೇಕು? ಮೊಟ್ಟೆ ತಿನ್ನದ ಮನೆಯವರು ಹಾಲಿಗೇ ಹಾಲಿನ ಪುಡಿ ಕದಡಿ ಕೊಡಬಹುದು. ಪುಟಾಣಿ ಹಿಟ್ಟು, ಗಟ್ಟಿ ಹೆಸರುಬೇಳೆ ಕಟ್ಟು, ಮೊಸರು ಇದ್ದೇ ಇದೆ. ಮೇಲೆ ಒಂದು ಚಮಚ ತುಪ್ಪ.

ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ಎಂಜಲು ನುಂಗೋಕೂ ಕಣ್ಣಲ್ಲಿ ನೀರು. ಖಾರ, ಹುಳಿ, ಬಿಸಿ ಎಲ್ಲ ಬಿಟ್ವಿ. ರಾಗಿ ಗಂಜಿ ಆರಿಸಿ, ಹಾಲು ಬೆರೆಸಿ, ಎರಡು ಗಂಟೆಗೊಮ್ಮೆ ಅರ್ಧ ಲೋಟ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸೋದು. ನೋವಿನ ಔಷಧಿ ಊಟಕ್ಕೆ ಮುಂಚೆ. ಆದ್ರೂ ತೂಕ 52ಕ್ಕೆ ಇಳೀತು.

ಆಗ ಮೂಗಿಂದ ಹೊಟ್ಟೆಗೆ ನಳಿಗೆ ಹಾಕೋಣ ಅಂದ್ರು. ಮನೆಯಲ್ಲಿ ಅಳು ಶುರು. ಪೈಪ್ ಹಾಕಿದ್ರೆ ಮುಗೀತು ಅಂತ ನಮ್ಮ ಕಡೆ ನಂಬಿಕೆ. ತಮ್ಮನೇ ಹಾಕಿ ಅಂದ. ಬಾಯಿ ಮಾಯೋ ತನಕ ಹೊಟ್ಟೆಗೆ ಬೇರೆ ದಾರಿ, ಅಷ್ಟೇ ಕಣ್ರೀ ಅದು. ಸೋಸಿದ ಗಂಜಿ, ಹಾಲು, ಬೇಳೆ ಕಟ್ಟು ನಿಧಾನಕ್ಕೆ ಬಿಡಬೇಕು. ಹಿಂದೆ ಮುಂದೆ ಕಾಯಿಸಿ ಆರಿಸಿದ ನೀರು, ಇಲ್ಲಾಂದ್ರೆ ಡ್ರಿಪ್ ಪೈಪ್ ಹಾಗೇ ಕಟ್ಟಿಕೊಳ್ಳುತ್ತೆ. ಆಮೇಲೆ ಅರ್ಧ ಗಂಟೆಗೂ ಹೆಚ್ಚು ಕೂತಿರಬೇಕು. 33ನ್ನೂ ಮುಗಿಸಿದ.

ಕೀಮೋದಲ್ಲಿ ಬಿಳಿ ರಕ್ತಕಣ ಕಮ್ಮಿ ಆಗುತ್ತೆ. ಹಸಿ ಹಾಲು, ಅರೆಬೆಂದ ಮೊಟ್ಟೆ, ಹೊತ್ತಿಗೆ ಮೀರಿದ ತಂಗಳು ಬೇಡ. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ. ನಾಟಿ ಔಷಧಿ, ಕಷಾಯ ಡಾಕ್ಟರಿಗೆ ಹೇಳದೆ ಕೊಡಲೇಬೇಡಿ.

ಇನ್ನೊಂದು ಮಾತು, ಬಯ್ಯೋರು ಬಯ್ಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ಪಟ್ಟಿಗೆ ಸೇರಿಸಿದೆ. ತಮ್ಮ ಗುಟ್ಕಾನೂ ಹಾಕ್ತಿದ್ದ. ನನ್ನ ತೋಟವೂ ಅಡಿಕೆಯದ್ದೇ. ಬೆಳೀತೀನಿ, ಬಾಯಿಗೆ ಹಾಕಲ್ಲ.

ಈಗ ನಳಿಗೆ ತೆಗೆದಿದ್ದಾರೆ. ಮೆತ್ತನೆ ಮುದ್ದೆ, ಸಪ್ಪೆ ಸಾರು ಇಳಿಯುತ್ತೆ, ರುಚಿ ಇನ್ನೂ ಬಂದಿಲ್ಲ ಅಂತಾನೆ. ಭಾನುವಾರ ಅಡಿಕೆ ತೂಗೋ ಯಂತ್ರದ ಮೇಲೆ ನಿಲ್ಲಿಸಿದ್ವಿ, 53 ಕೆ.ಜಿ. 400 ಗ್ರಾಂ. ಸ್ಕ್ಯಾನ್ ಮುಂದಿನ ತಿಂಗಳು.