ದಿನಕ್ಕೊಂದು ಕಪ್ಪು-ಬಿಳುಪು ಚಿತ್ರ

ಕಳೆದ ಯುಗಾದಿಯಂದು ನಾನೊಂದು ಸಣ್ಣ ನಿಯಮವನ್ನು ಹಾಕಿಕೊಂಡೆ: ದಿನಕ್ಕೆ ಒಂದೇ ಒಂದು ಚಿತ್ರ, ಅದೂ ಫಿಲ್ಮಿನಲ್ಲಿ, ಕಪ್ಪು-ಬಿಳುಪಿನಲ್ಲಿ. ಶಾಸನಗಳಿಗಾಗಿ ಊರೂರು ಅಲೆಯುವ ನನ್ನ ಮೊಬೈಲಿನಲ್ಲಿ ಸಾವಿರಾರು ಕಲ್ಲುಗಳ ಚಿತ್ರಗಳಿವೆ. ಅವುಗಳಲ್ಲಿ ಎಷ್ಟನ್ನು ನಿಜವಾಗಿ ನೋಡಿದ್ದೇನೆ ಎಂದು ಕೇಳಿಕೊಂಡಾಗ ದೊರೆತ ಉತ್ತರ ನಾಚಿಕೆ ತರಿಸಿತು. ಚಿತ್ರ ತೆಗೆದಾಯಿತಲ್ಲ ಎಂಬ ನೆಮ್ಮದಿಯಲ್ಲಿ ಕಲ್ಲಿನ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದೆ.

35 ಮಿ.ಮೀ. ಫಿಲ್ಮಿನ ಒಂದು ರೀಲಿನಲ್ಲಿ 36 ಚಿತ್ರಗಳು. ದಿನಕ್ಕೊಂದರಂತೆ ಅದು ಮುಗಿಯಲು ಐದು ವಾರಕ್ಕೂ ಹೆಚ್ಚು ಕಾಲ ಬೇಕು. ವರ್ಷಕ್ಕೆ ಹತ್ತು ರೀಲು, ಮೇಲೆ ಐದು ಚಿತ್ರ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ಇತಿಹಾಸಕ್ಕೆ ಸೇರಿದೆ. ನಾನು ಬಳಸುವುದು ಇಲ್‌ಫರ್ಡ್ ಸಂಸ್ಥೆಯ ಎಚ್‌ಪಿ5 ಪ್ಲಸ್. ದ್ರಾವಣವನ್ನು 20 ಡಿಗ್ರಿಗೆ ತರಲು ಬೇಸಗೆಯಲ್ಲಿ ಬಚ್ಚಲುಮನೆಯ ಬಕೆಟ್ಟಿಗೆ ಮಂಜುಗಡ್ಡೆ ಹಾಕಿಕೊಂಡು ಕೂರುತ್ತೇನೆ.

ಬಣ್ಣ ಹೋದರೆ ಕಣ್ಣು ಬೇರೆಯದನ್ನು ಹುಡುಕತೊಡಗುತ್ತದೆ. ಕೆಂಪು ದಾಸವಾಳವೂ ಅದರ ಹಸಿರೆಲೆಯೂ ಹೆಚ್ಚುಕಡಿಮೆ ಒಂದೇ ಬೂದಾಗಿ ಮೂಡಿದಾಗ, ಅವುಗಳನ್ನು ಬೇರ್ಪಡಿಸುವುದು ಬೆಳಕಿನ ಓರೆ ಮಾತ್ರವೆಂದು ತಿಳಿಯಿತು. ಶಾಸನ ಓದುವವರಿಗೆ ಇದು ಹೊಸತಲ್ಲ. ನಡುಹಗಲಿನಲ್ಲಿ ಮೂಕವಾಗಿರುವ ಕಲ್ಲು ಮುಂಜಾನೆಯ ಓರೆಬಿಸಿಲಿನಲ್ಲಿ ಅಕ್ಷರಗಳನ್ನು ಬಿಟ್ಟುಕೊಡುತ್ತದೆ. ನೆಗೆಟಿವ್ ಕೂಡ ನಮಗೆ ಅಪರಿಚಿತವಲ್ಲ. ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ತಟ್ಟಿ ತೆಗೆಯುವ ಪಡಿಯಚ್ಚಿನಲ್ಲಿ ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ, ಸುತ್ತಲ ಕಲ್ಲು ಕಪ್ಪಾಗುತ್ತದೆ. ತಾಳೆಗರಿಯಲ್ಲಿ ಇದರ ತಿರುವುಮುರುವು: ಕಂಠದಿಂದ ಕೊರೆದ ಗೆರೆಗೇ ಮಸಿ ತುಂಬುತ್ತಾರೆ.

ನಾಲ್ಕನೆಯ ರೀಲಿನಲ್ಲಿ ಎಡವಿದೆ. ಫಿಲ್ಮ್ ಮುಂದೆ ಸರಿಸುವ ಸನ್ನೆಯನ್ನು ಎಳೆದಾಗ ಎಡಬದಿಯ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮಿನ ತುದಿ ಒಳಗೆ ಸಿಕ್ಕಿಲ್ಲವೆಂದು ಅರ್ಥ. ನಾನು ಗಮನಿಸಲಿಲ್ಲ. ಶ್ರಾವಣದ ಒಂದು ರಾತ್ರಿ ತೊಳೆದು ನೇತುಹಾಕಿದ ಫಿಲ್ಮಿನ ಅಂಚಿನಲ್ಲಿ ಕಾರ್ಖಾನೆಯಲ್ಲೇ ಅಚ್ಚಾದ 1ರಿಂದ 36ರವರೆಗಿನ ಅಂಕಿಗಳು ಸಾಲಾಗಿ ನಿಂತಿದ್ದವು. ನಡುವೆ ಏನೂ ಇರಲಿಲ್ಲ.

ಆ ಮೂವತ್ತಾರರಲ್ಲಿ ಒಂದು, ನನ್ನ ಪ್ರಬಂಧಕ್ಕೆ ರಟ್ಟು ಕಟ್ಟಿಕೊಟ್ಟಿದ್ದ ಹಿರಿಯರ ಚಿತ್ರ. ಅದನ್ನು ತೆಗೆದ ಎರಡು ವಾರಕ್ಕೆ ಅವರು ತೀರಿಕೊಂಡರು. ಪ್ರತಿಯೊಂದನ್ನು ತಂದುಕೊಡುವೆನೆಂದು ಅವರ ಮಗನಿಗೆ ಮಾತು ಕೊಟ್ಟಿದ್ದೆ.

ಉಳಿದದ್ದು ಟಿಪ್ಪಣಿ ಪುಸ್ತಕ. ಪ್ರತಿದಿನ ಶಟರಿನ ವೇಗದ ಪಕ್ಕದಲ್ಲಿ ಕಂಡದ್ದನ್ನು ಒಂದು ಸಾಲು ಬರೆಯುತ್ತಿದ್ದೆ. ಇಪ್ಪತ್ತಮೂರನೆಯ ದಿನದ ಸಾಲು ಹೀಗಿತ್ತು: “ಕನ್ನಡಕ ಹಣೆಯ ಮೇಲೆ, ಎಡಗೈ ಹೆಬ್ಬೆರಳಿನಲ್ಲಿ ಒಣಗಿದ ಅಂಟು, ಕಿಟಕಿಯ ಬೆಳಕು ದಾರದ ಮೇಲೆ ಮಾತ್ರ.” ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು. ಕಲ್ಲು ಸವೆದೆಡೆ ನಾವು ಮರಳುವುದು ಇಂತಹ ಪಾಠಗಳಿಗೆ, ಅಂದರೆ ಯಾರೋ ಒಬ್ಬರು ನಿಂತು ನೋಡಿ ಬರೆದಿಟ್ಟದ್ದಕ್ಕೆ. ಈ ಮಾತನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಬಾರಿ ಹೇಳಿದ್ದೇನೆ. ಅದರ ಅರ್ಥ ನನಗಾದದ್ದು ಆ ಖಾಲಿ ಫಿಲ್ಮಿನ ಮುಂದೆ.

ಆ ಸಾಲನ್ನು ಒಂದು ಹಾಳೆಯಲ್ಲಿ ಬರೆದು, ನಡೆದದ್ದನ್ನು ಹೇಳಿ, ಮಗನಿಗೆ ಕೊಟ್ಟೆ. ಆತ ಎರಡು ಸಲ ಓದಿದ. “ಹೌದು ಸಾರ್, ಹಣೆ ಮೇಲೆ ಇಟ್ಕೊಂಡೇ ಕನ್ನಡಕ ಎಲ್ಲಿ ಅಂತ ಹುಡುಕೋರು” ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಐದನೆಯ ರೀಲಿನಿಂದ ಗುಂಡಿ ತಿರುಗುತ್ತಿದೆಯೇ ಎಂದು ಪ್ರತಿ ಬಾರಿ ನೋಡುತ್ತೇನೆ. ಸಾಲನ್ನು ಈಗ ಚಿತ್ರ ತೆಗೆಯುವ ಮೊದಲೇ ಬರೆಯುತ್ತೇನೆ.