ಗಂಟಲು ಮರಗಟ್ಟಿಸುವ ಮದ್ದು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಎಂಡೋಸ್ಕೋಪಿಗೆಂದು ಹಾಸನಕ್ಕೆ ಹೋಗುವವರಲ್ಲಿ ಅನೇಕರು ರೋಗಕ್ಕಿಂತ ನಳಿಕೆಗೇ ಹೆಚ್ಚು ಅಂಜುವರು. ನಾವೂ ಆ ಪಂಗಡದವರೇ. ಆದರೆ ಹೊಟ್ಟೆಯುರಿ ತಿಂಗಳುಗಟ್ಟಲೆ ಮಾಣದೆ, ಮೈತೂಕವೂ ಇಳಿಯುತ್ತಿರಲು, ಅರ್ಬುದವಿರಬಹುದೆಂಬ ಶಂಕೆ ಹುಟ್ಟಿತು. ಒಳಗನ್ನು ನೋಡಿಸದೆ ವಿಧಿಯಿರಲಿಲ್ಲ.

ಬಾಧೆಯನ್ನು ತಗ್ಗಿಸಲು ಎರಡು ಉಪಾಯಗಳುಂಟು. ಒಂದು, ಲಿಗ್ನೊಕೇನನ್ನು ಗಂಟಲಿಗೆ ಸಿಂಪಡಿಸಿ ಸ್ಪರ್ಶಜ್ಞಾನವನ್ನು ತಡೆಯುವುದು. 1943ರಲ್ಲಿ ಸ್ವೀಡನ್ ದೇಶದ ಲೋಫ್‌ಗ್ರೆನ್ ಎಂಬ ರಸಾಯನಜ್ಞನು ಸಿದ್ಧಪಡಿಸಿದ ಮದ್ದಿದು. ಇನ್ನೊಂದು, ಮಿಡಜೋಲಾಮ್ ಮುಂತಾದುದನ್ನು ರಕ್ತನಾಳಕ್ಕೆ ಕೊಟ್ಟು ಮಂಪರು ಬರಿಸುವುದು. ಮಂಪರಿನಲ್ಲಿ ಭಯವಡಗುವುದು, ಬಳಿಕ ನೆನಪೂ ಅಷ್ಟಾಗಿ ಉಳಿಯದು. ಆದರೆ ಉಸಿರಾಟ ಮಂದವಾಗಬಹುದಾದ ಕಾರಣ ಬೆರಳಿಗೆ ಮಾಪಕವನ್ನು ತೊಡಿಸಿ ರಕ್ತದ ಆಮ್ಲಜನಕವನ್ನು ಗಮನಿಸುತ್ತಿರಬೇಕು. 24 ಗಂಟೆ ವಾಹನ ನಡೆಸಕೂಡದು. ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲೇಬೇಕು.

ಈ ಕಡೆಯ ನಿಯಮವೇ ನಮಗೆ ತೊಡಕಾಯಿತು. ಮಕ್ಕಳು ದೂರದೂರಿನಲ್ಲಿ, ಮನೆಯಾಕೆ ಮಂಡಿನೋವಿನಿಂದ ಬಸ್ಸು ಹತ್ತಲಾರರು. ಇದನ್ನರಿತ ವೈದ್ಯರು, “ಮೇಷ್ಟ್ರೇ, ಬರಿಯ ಸಿಂಪಡಣೆಯಲ್ಲೇ ಮಾಡೋಣ. ಐದಾರು ನಿಮಿಷದ ಕೆಲಸ. ಮೂಗಿನಿಂದ ನಿಧಾನವಾಗಿ ಉಸಿರೆಳೆಯುತ್ತಿರಿ” ಎಂದರು. ತೀರಾ ಅಂಜುವವರು ಮಂಪರನ್ನೇ ಕೇಳಿಕೊಳ್ಳಲಿ, ನಾಚಿಕೆಯೇನೂ ಇಲ್ಲ. ಹೃದಯ, ಶ್ವಾಸಕೋಶಗಳ ಬೇನೆಯಿದ್ದರೆ ಮಾತ್ರ ಮೊದಲೇ ತಿಳಿಸತಕ್ಕದ್ದು.

ಹಿಂದಿನ ರಾತ್ರಿಯಿಂದ ಉಪವಾಸ. ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಊಟವಿಕ್ಕಿ, ನೋವು ತಾಳಲಾರದ ಮದ್ಯಪಾಯಿಗೆ ತೀಕ್ಷ್ಣಮದ್ಯವನ್ನು ಕುಡಿಸಬೇಕೆನ್ನುವ ಸುಶ್ರುತನು, ಉದರ, ಮುಖರೋಗ ಮೊದಲಾದವುಗಳಲ್ಲಿ ಉಣ್ಣದವನಿಗೇ ಕರ್ಮವೆಂದು ವಿಧಿಸಿದ್ದಾನೆ. ಹಸಿದ ಹೊಟ್ಟೆಗೆ ಅಷ್ಟೇ ಸಮಾಧಾನ.

ಮದ್ದು ಕಹಿ. ಕ್ಷಣದಲ್ಲಿ ನಾಲಗೆಯ ಬುಡ ದಪ್ಪಗಾದಂತಾಗಿ, ಉಗುಳು ನುಂಗಿದರೂ ನುಂಗಿದಂತೆ ತೋರದು. ಉಸಿರೇ ಕಟ್ಟಿತೆಂದು ಹಲವರು ಗಾಬರಿಗೊಳ್ಳುವುದು ಇಲ್ಲಿಯೇ. ದಾದಿಯು ಮೊದಲೇ ಎಚ್ಚರಿಸಿದ್ದುದರಿಂದ ನಾವು ಪಾರಾದೆವು. ಎಡಮಗ್ಗುಲಿಗೆ ಮಲಗಿಸಿ, ನಳಿಕೆಯನ್ನು ಕಚ್ಚದಂತೆ ಹಲ್ಲುಗಳ ನಡುವೆ ಬಿಲ್ಲೆಯೊಂದನ್ನಿಟ್ಟರು. ಎರಡು ಮೂರು ಸಲ ಓಕರಿಕೆ ಬಂದಿತು, ಕಣ್ಣಲ್ಲಿ ನೀರೂ ಬಂದಿತು, ನೋವು ಬರಲಿಲ್ಲ. ದಾದಿಯು ಕಡೆಯವರೆಗೂ ನಮ್ಮ ಭುಜದ ಮೇಲೆ ಕೈಯಿಟ್ಟಿದ್ದಳು. ಸಿಂಪಡಣೆಯು ಓಕರಿಕೆಯನ್ನು ತಗ್ಗಿಸಬಲ್ಲುದು, ಪೂರ್ತಿ ನಿಲ್ಲಿಸಲಾರದು.

ಜಠರದಲ್ಲಿ ಹುಣ್ಣಿತ್ತು. ಚೂರು ತೆಗೆದು ಪರೀಕ್ಷೆಗೆ ಕಳುಹಿದರು. ವಾರದ ಮೇಲೆ ಅರ್ಬುದವಲ್ಲವೆಂದು ತಿಳಿಯಿತು. ಆ ದಿನವಾದರೋ ಒಂದು ಗಂಟೆ ನೀರೂ ಕೂಡದೆಂದರು. ಮರಗಟ್ಟಿದ ಗಂಟಲಿನಲ್ಲಿ ನೀರು ಶ್ವಾಸನಾಳಕ್ಕೆ ಇಳಿದೀತಂತೆ. ಅವಧಿ ಕಳೆದ ಮೇಲೆ ಒಂದು ಗುಟುಕು ನೀರು ಕುಡಿದು ನೋಡಿ, ಸರಾಗವಾಗಿ ಇಳಿಯಲು, ಹೊಳೆನರಸೀಪುರದ ಬಸ್ಸನ್ನು ಒಬ್ಬರೇ ಹತ್ತಿದೆವು.